ತೊಗರಿಗೆ ನೆರೆಹೊರೆ ಬೇಡವೆ?

ಕಳೆದ ರಾಶಿಯ ಕಾಲದಲ್ಲಿ ನಮ್ಮ ಶಹಾಬಾದದ ಒಂದು ಸಭೆಯಲ್ಲಿ ಭಾಷಣಕಾರರೊಬ್ಬರು ಮೇಜು ಗುದ್ದಿ, “ಪರದೇಶದ ತೊಗರಿಯ ಒಂದು ಕಾಳೂ ಈ ದೇಶದೊಳಗೆ ಬರಕೂಡದು” ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಈ ಊರಿನಲ್ಲಿದ್ದುಕೊಂಡು ಆ ಮಾತಿಗೆ ಕೈ ಕಟ್ಟಿ ಕೂಡುವುದು ಕಷ್ಟ. ಅದಾದ ವಾರದೊಳಗೆ ಬೆಂಗಳೂರಿನಲ್ಲಿರುವ ನನ್ನ ಹೆಂಡತಿಯ ತಮ್ಮ ಫೋನಿನಲ್ಲಿ, “ಬ್ಯಾಳಿ ತುಟ್ಟಿ ಆದ್ರ ಹೊರಗಿಂದ ತರಸ್ಲಿ ಬಿಡ್ರಿ ಭಾವ, ತಿನ್ನಾವ್ರೂ ಬದುಕಬೇಕಲ್ಲ?” ಎಂದ. ಅದಕ್ಕೂ ಹೂಂಗುಟ್ಟಿದೆ. ಒಂದೇ ವಾರದಲ್ಲಿ ಎರಡು ಕಡೆಗೆ ತಲೆಯಾಡಿಸಿದ ನನ್ನ ಮೇಲೆ ನನಗೇ ಸಿಟ್ಟು ಬಂತು. ಇಬ್ಬರ ಮಾತೂ ತಪ್ಪೆಂದು ಈಗ ನನ್ನ ಅಭಿಪ್ರಾಯ. ಅದನ್ನು ಹೇಳುವುದಕ್ಕೇ ಈ ಬರಹ.

ನಾನು ಅರ್ಥಶಾಸ್ತ್ರ ಓದಿದವನಲ್ಲ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು. ಆದರೆ ನನ್ನ ತರಗತಿಯಲ್ಲಿ ಕೂಡುವ ಹುಡುಗ ಹುಡುಗಿಯರು ಚಿತ್ತಾಪುರ, ಸೇಡಂ, ಚಿಂಚೋಳಿಯ ಕಡೆಯ ತೊಗರಿ ಹೊಲಗಳಿಂದ ಬರುವವರು. ಪರೀಕ್ಷೆಯ ಶುಲ್ಕಕ್ಕೆ ಗಡುವು ಕೇಳಲು ಬಂದು ಬಾಗಿಲಲ್ಲಿ ನಿಂತ ಹುಡುಗನ ಮುಖ ನೋಡಿದರೆ ಸಾಕು, ಆ ದಿನ ಕಲಬುರ್ಗಿಯ ಮಾರುಕಟ್ಟೆಯಲ್ಲಿ ಧಾರಣೆ ಏರಿದೆಯೋ ಇಳಿದಿದೆಯೋ ನಾನು ಹೇಳಬಲ್ಲೆ.

2017ರಲ್ಲಿ ಅಂಥ ಮುಖಗಳನ್ನು ಬಹಳ ನೋಡಿದೆ. ಅದರ ಕಥೆ ಹೀಗಿದೆ. 2015ರಲ್ಲಿ ಪಟ್ಟಣದ ಅಂಗಡಿಗಳಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ ದೇಶವೆಲ್ಲ ಕೂಗಿತು. ಸರಕಾರ 2016ರ ಜುಲೈಯಲ್ಲಿ ಆಫ್ರಿಕಾದ ಮೊಜಾಂಬಿಕ್ ದೇಶದೊಡನೆ ಬೇಳೆಕಾಳಿಗಾಗಿ ಒಪ್ಪಂದ ಮಾಡಿಕೊಂಡಿತು. ಇತ್ತ ನಮ್ಮ ರೈತನಿಗೆ, ಹೆಚ್ಚು ಬಿತ್ತು ಎಂದಿತು. ಅವನು ಬಿತ್ತಿದ, ಮಳೆರಾಯನೂ ಕೈಬಿಡಲಿಲ್ಲ. 2016-17ರಲ್ಲಿ ದೇಶದ ತೊಗರಿ 48 ಲಕ್ಷ ಟನ್ನಿಗೆ ಏರಿತು. ಅದೇ ವರ್ಷ ಎಲ್ಲ ಬಗೆಯವೂ ಕೂಡಿ ಹೊರಗಿನಿಂದ ಬಂದ ಬೇಳೆಕಾಳು 66 ಲಕ್ಷ ಟನ್ನು! ಕ್ವಿಂಟಲಿಗೆ 5050 ರೂಪಾಯಿ ಬೆಂಬಲ ಬೆಲೆಯೆಂಬುದು ಕಾಗದದ ಮೇಲಿತ್ತು; ಅಡತಿ ಅಂಗಡಿಯವರು ಅದಕ್ಕಿಂತ ಎಷ್ಟೋ ಕೆಳಗೆ ಕೇಳಿದರು. ಬೇಳೆ 200 ಆದಾಗ ಕೂಗಿದ ಪಟ್ಟಣದವರ ಧ್ವನಿ ಆಗ ನನ್ನ ಕಿವಿಗೆ ಬೀಳಲಿಲ್ಲ. ಓದುಗರು ಮುನಿಯಬಾರದು, ಸಾರು ತಣ್ಣಗೆ ಅಗ್ಗವಾಗಿತ್ತು, ಕೂಗಲು ಕಾರಣವೇನಿತ್ತು?

ಇಲ್ಲಿಗೆ ಮುಗಿದಿದ್ದರೆ ನಾನೂ ಆ ಭಾಷಣಕಾರರ ಪಕ್ಷವೇ ಸೇರುತ್ತಿದ್ದೆ. ಆದರೆ 2017ರ ಆಗಸ್ಟ್ ಮೊದಲ ವಾರದಲ್ಲಿ ದಿಲ್ಲಿಯಿಂದ ಇದ್ದಕ್ಕಿದ್ದಂತೆ ಇನ್ನೊಂದು ಪ್ರಕಟಣೆ ಹೊರಟಿತು: ವರ್ಷಕ್ಕೆ ಎರಡು ಲಕ್ಷ ಟನ್ನಿಗಿಂತ ಹೆಚ್ಚಿಗೆ ತೊಗರಿ ತರಕೂಡದು. ಅದರ ಪೆಟ್ಟು ಬಿದ್ದದ್ದು ಮ್ಯಾನ್ಮಾರ್ ದೇಶದ ರೈತನಿಗೆ. (ನಮ್ಮ ಹಿರಿಯರ ಬಾಯಲ್ಲಿ ಅದು ಇಂದಿಗೂ ಬರ್ಮಾ.) ಅವನೂ ನಮ್ಮವನಂತೆಯೇ ಮಳೆಗಾಲದ ಆರಂಭದಲ್ಲಿ ಬಿತ್ತುವವನು, ಆಗಸ್ಟಿನ ಹೊತ್ತಿಗೆ ಅವನ ಹೊಲದಲ್ಲಿ ಪೈರು ಎದ್ದು ನಿಂತಿತ್ತು. ಆ ದೇಶದಲ್ಲಿ ತೊಗರಿ ಬೆಳೆಯುವುದು ಬಹುಮಟ್ಟಿಗೆ ನಮಗಾಗಿ. ಬಾಗಿಲು ಮುಚ್ಚಿದಾಗ ಅಲ್ಲಿ ಬೆಲೆ ಕುಸಿಯಿತು. ಮುಂದೆ 2021ರ ಮೇ ತಿಂಗಳಲ್ಲಿ ಬೇಳೆ ಮತ್ತೆ ತುಟ್ಟಿಯಾಯಿತೆಂದು ಅದೇ ಬಾಗಿಲನ್ನು ತೆರೆದರು. ತೆರೆದ ಬಾಗಿಲಿನ ಗಡುವನ್ನು ಮತ್ತೆ ಮತ್ತೆ ಮುಂದೂಡುತ್ತ ಬಂದರು. ಒಂದು ವರ್ಷ ಸೇಡಂ ರೈತ ಅಳಬೇಕು, ಇನ್ನೊಂದು ವರ್ಷ ಬರ್ಮಾದವನು. ಇದನ್ನು ವ್ಯಾಪಾರವೆಂದು ಕರೆಯಲು ನನ್ನ ಬಾಯಿ ಬರುವುದಿಲ್ಲ.

ಹೀಗಾಗದಂತೆ ನೋಡಿಕೊಳ್ಳಲೆಂದೇ ಅಲ್ಲವೆ ನೆರೆಯ ದೇಶಗಳು ಸಂಘ ಕಟ್ಟಿಕೊಂಡದ್ದು? 1986ರ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೇ ಸಾರ್ಕ್ ಸಂಘದ ಎರಡನೆಯ ಮಹಾಸಭೆ ನಡೆದು, ಏಳು ದೇಶಗಳು ಕೂಡಿ ಕಾಠ್ಮಂಡುವಿನಲ್ಲಿ ಕಾರ್ಯಾಲಯ ತೆರೆಯಲು ಒಪ್ಪಿದವು. ಮರುವರ್ಷ ಆಹಾರಧಾನ್ಯದ ಕೂಡುಕಣಜವೊಂದಕ್ಕೂ ಸಹಿ ಬಿತ್ತು. ಅದರಲ್ಲಿದ್ದುದು ಅಕ್ಕಿ, ಗೋಧಿ; ಬೇಳೆಯ ಸುದ್ದಿಯಿಲ್ಲ. 2014ರ ತರುವಾಯ ಆ ಸಂಘದ ಮಹಾಸಭೆಯೇ ಸೇರಿಲ್ಲ. ಅದು ಹೋಗಲಿ ಎಂದರೆ, ಭಾರತವೂ ಮ್ಯಾನ್ಮಾರೂ ಜೊತೆಗೆ ಕೂಡುವ ಬಿಮ್ಸ್‌ಟೆಕ್ ಎಂಬ ಇನ್ನೊಂದು ಸಂಘವಿದೆ. ಹುಟ್ಟಿದ್ದು 1997ರಲ್ಲಿ. ಮುಕ್ತ ವ್ಯಾಪಾರಕ್ಕೆ ಚೌಕಟ್ಟು ಹಾಕಿದ್ದು 2004ರಲ್ಲಿ. ಚೌಕಟ್ಟು ನಿಂತು ಇಪ್ಪತ್ತು ವರ್ಷ ದಾಟಿದರೂ ಅದಕ್ಕೆ ಕದ ಕೂಡಿಸುವ ಕೆಲಸ ಮುಗಿದಿಲ್ಲ. ಸಂವಿಧಾನಪತ್ರಕ್ಕೆ ಸಹಿಯಾದದ್ದೇ 2022ರಲ್ಲಿ!

ನನ್ನ ಅಜ್ಜ ನಿಜಾಮರ ಕಾಲದವನು. ಸೊಲ್ಲಾಪುರದ ಪೇಟೆ ಆಗ ಬ್ರಿಟಿಷ್ ಸೀಮೆ. ಸರಕು ಗಡಿ ದಾಟಬೇಕಾದರೆ ಕರೋಡಗಿರಿ ನಾಕೆಯಲ್ಲಿ ನೂರಕ್ಕೆ ಐದು ಕಟ್ಟಬೇಕು. ನಾಣ್ಯವೂ ಬೇರೆ: ಆರು ಕಲ್ದಾರ ರೂಪಾಯಿಗೆ ಸುಮಾರು ಏಳು ಹಾಲಿ ಸಿಕ್ಕಾ. ಅಜ್ಜ ಸಾಯುವವರೆಗೂ ಆ ನಾಕೆಯವರನ್ನು ಬೈಯುತ್ತಿದ್ದ. ಆದರೆ ಬಂಡಿ ಕಟ್ಟುವ ಮೊದಲೇ, ಕಟ್ಟೆಯ ಮೇಲೆ ಕೂತು ಬೆರಳು ಮಡಚಿ, ಎಷ್ಟು ಹೋಗುತ್ತದೆ, ಎಷ್ಟು ಉಳಿಯುತ್ತದೆ ಎಂದು ಎಣಿಸಬಲ್ಲವನಾಗಿದ್ದ. 1948ರಲ್ಲಿ ಸಂಸ್ಥಾನ ವಿಲೀನವಾಗಿ, ಕೆಲವು ವರ್ಷಗಳಲ್ಲಿ ನಾಕೆಯೂ ಹೋಯಿತು, ಸಿಕ್ಕಾವೂ ಹೋಯಿತು. ಇಂದು ಅವನ ಮರಿಮಗನ ವಯಸ್ಸಿನ ನನ್ನ ವಿದ್ಯಾರ್ಥಿ ಜೂನಿನಲ್ಲಿ ಅಪ್ಪನೊಡನೆ ಬಿತ್ತಲು ಹೋಗುವಾಗ, ಜನವರಿಯಲ್ಲಿ ಎಷ್ಟು ಹಡಗು ಬರುತ್ತದೆಂದು ತಿಳಿಯದೆ ಬಿತ್ತುತ್ತಾನೆ. ನಿಜಾಮರ ಸುಂಕದವನ ಬಳಿ ಇದ್ದ ಈ ಒಂದು ಮರ್ಯಾದೆ ನಮ್ಮ ಪ್ರಜಾರಾಜ್ಯದ ಕಚೇರಿಗೆ ಏಕಿಲ್ಲ?

ಸೈನ್ಯ ಆಳುವ ದೇಶದೊಡನೆ ಎಂಥ ಮಾತುಕತೆ ಎಂದು ಕೆಲವರು ಕೇಳುತ್ತಾರೆ. ಆ ಸಂಕೋಚ ನನಗೂ ಉಂಟು. ಆದರೆ ಅಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡದ್ದು 2021ರ ಫೆಬ್ರವರಿಯಲ್ಲಿ. ವರ್ಷಕ್ಕೆ ಒಂದು ಲಕ್ಷ ಟನ್ ತೊಗರಿ ತರಲು ನಾವು ಒಪ್ಪಿದ್ದು ಅದೇ ಜೂನಿನಲ್ಲಿ. ಕೊಳ್ಳುವಾಗ ಇಲ್ಲದ ಸಂಕೋಚ ಲೆಕ್ಕ ಕೇಳುವಾಗ ಮಾತ್ರ ಏಕೆ? ಆ ಒಂದು ಲಕ್ಷವಾದರೂ ಕನಿಷ್ಠ ಭರವಸೆಯೇ ಹೊರತು ಮಿತಿಯಲ್ಲ. ತೆರೆದ ಬಾಗಿಲಿನಿಂದ ಅದಕ್ಕಿಂತ ಹೆಚ್ಚು ಬರಲು ಅಡ್ಡಿಯಿಲ್ಲ.

ಬಾಗಿಲು ಮುಚ್ಚಿರೆಂದು ನಾನು ಕೇಳುವುದಿಲ್ಲ. ನಾವು ತಿನ್ನುವಷ್ಟು ತೊಗರಿ ನಾವು ಬೆಳೆಯುವುದಿಲ್ಲವೆಂಬುದು ನಿಜ. ನಾನು ಕೇಳುವುದು ಇಷ್ಟೇ: ಎಷ್ಟು ತರುತ್ತೇವೆ, ಯಾವ ತಿಂಗಳಲ್ಲಿ ತರುತ್ತೇವೆ ಎಂಬುದನ್ನು ಮೃಗಶಿರಾ ಮಳೆಗೆ ಮೊದಲು ನೆರೆಯವರೊಡನೆ ಕೂತು ಗೊತ್ತುಮಾಡಿ, ಎರಡೂ ಕಡೆಯ ರೈತನಿಗೆ ಹೇಳಿರಿ. ಬರ್ಮಾದ ಬೆಳೆ ಹೆಚ್ಚು ಕಡಿಮೆ ನಮ್ಮ ರಾಶಿಯ ಹೊತ್ತಿಗೇ ಬರುತ್ತದೆ. ಅದನ್ನು ನಾಲ್ಕು ತಿಂಗಳು ತಡೆದು ತರಿಸಿಕೊಳ್ಳಲು ಅವರಿಗೆ ಉಗ್ರಾಣ ಕಟ್ಟಿಕೊಟ್ಟರೂ ನಷ್ಟವಿಲ್ಲ. ಆ ಮಾತುಕತೆಯ ಮೇಜಿನಲ್ಲಿ ಕಲಬುರ್ಗಿಯ ತೊಗರಿ ಬೆಳೆಗಾರನಿಗೊಂದು ಕುರ್ಚಿ ಇರಲಿ. 2019ರಲ್ಲಿ ನಮ್ಮ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಪತ್ರ ಕೊಟ್ಟರಲ್ಲ, ಬೆಳೆದವನ ಗುರುತೂ ಸ್ವಲ್ಪ ಸಿಗಲಿ.

ಇದನ್ನೆಲ್ಲ ಬೆಂಗಳೂರಿನ ಆ ಹುಡುಗನಿಗೆ ಬರೆದು ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು: “ಅದು ಇರ್ಲಿ ಭಾವ, ಬರೂಮುಂದ ಊರಿಂದು ಐದು ಕಿಲೋ ಬ್ಯಾಳಿ ತರ್ರಿ. ಇಲ್ಲಿದಕ್ಕ ರುಚಿ ಇಲ್ಲ.”