ಕೂಲಿ: ಸೊನ್ನೆ

ಹಸು ಸಾಲದ ಅರ್ಜಿಗಳನ್ನು ನೋಡುವ ಮೇಜಿನಲ್ಲಿ ನಾನು ಹನ್ನೊಂದು ವರ್ಷ ಕೂತಿದ್ದೆ. ಹಿಂಡಿಗೆ ಇಷ್ಟು, ಬೂಸಾಕ್ಕೆ ಇಷ್ಟು, ವಿಮೆಗೆ ಇಷ್ಟು. ಕೂಲಿ ಎಂಬಲ್ಲಿ ‘ಮನೆಯವರದೇ ದುಡಿಮೆ’ ಎಂದು ಬರೆದು ಮುಂದೊಂದು ಸೊನ್ನೆ ಸುತ್ತಬೇಕು. ಎಷ್ಟು ಸೊನ್ನೆ ಸುತ್ತಿದೆನೋ! ಒಮ್ಮೆಯೂ ಕೈ ತಡೆಯಲಿಲ್ಲ.

ಆ ಸೊನ್ನೆ ಎಂದರೆ ನಮ್ಮ ಅತ್ತಿಗೆ. ನಾಲ್ಕೂವರೆಗೆ ಎದ್ದು ಸಗಣಿ ಬಾಚಿ, ಹಾಲು ಕರೆದು ಡೇರಿಗೆ ಕಳಿಸಿ, ಆಮೇಲೆ ಮಕ್ಕಳಿಗೆ ರೊಟ್ಟಿ ತಟ್ಟುವವಳು. ಡೇರಿಯ ಪುಸ್ತಕದಲ್ಲಿರುವುದು ಮಾತ್ರ ಅಣ್ಣನ ಹೆಸರು.

ಹಸು ಸಾಕಿ ಲಾಭ ಮಾಡುವುದರ ಗುಟ್ಟು ಬಹಳ ದೊಡ್ಡದೇನಲ್ಲ. ಹಸು ವರ್ಷಕ್ಕೊಂದು ಕರು ಹಾಕಬೇಕು. ಗಬ್ಬದ ಕಾಲ ಸುಮಾರು 280 ದಿನ. ಅಂದಮೇಲೆ ಕರು ಹಾಕಿದ ಮೂರು ತಿಂಗಳೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಬೆದೆ ಬರುವುದು 21 ದಿನಕ್ಕೊಮ್ಮೆ, ಇರುವುದು ಒಂದು ದಿನಕ್ಕೂ ಕಡಿಮೆ. ಕಂಡುಹಿಡಿಯದಿದ್ದರೆ ಇನ್ನೂ 21 ದಿನ ಸುಮ್ಮನೆ ಮೇವು ಹಾಕಬೇಕು. ಅದನ್ನು ಕಾಣುವವರು ಯಾರು? ಕತ್ತಲಲ್ಲೇ ಕೊಟ್ಟಿಗೆಗೆ ಹೋಗುವವಳು.

ಒಮ್ಮೆ ಅತ್ತಿಗೆ ಬೆಳಗಾಗುವ ಮೊದಲೇ ಲೋಳೆ ಕಂಡು, “ಇವತ್ತೇ ಇಂಜೆಕ್ಷನ್ ಕೊಡಿಸ್ಬೇಕು” ಎಂದಳಂತೆ. ಅಣ್ಣನಿಗೆ ಪುರುಸೊತ್ತಿರಲಿಲ್ಲ. ಎಲ್ಲಿಗೆ ಹೋಗಿದ್ದ ಗೊತ್ತೆ? ಲಾಭದಾಯಕ ಹಸು ಸಾಕಣೆಯ ತರಬೇತಿಗೆ! ಹೋದವರೆಲ್ಲ ಗಂಡಸರೇ. ಊಟ ಮಾಡಿ, ಒಂದು ಚೀಲ ತೆಗೆದುಕೊಂಡು ಬಂದ. ಹಸು ಮತ್ತೆ ಬೆದೆಗೆ ಬರುವವರೆಗೆ ಹುಲ್ಲು ಹೊತ್ತವಳು ಅತ್ತಿಗೆ.

ಮಾಂಸಕ್ಕೆಂದೇ ದನ ಸಾಕುವ ಅಮೆರಿಕದ ಫಾರಂಗಳಲ್ಲೂ ಲೆಕ್ಕ ಇದೇ. ಗಬ್ಬ ನಿಲ್ಲದ ಹಸುವನ್ನು ಅಲ್ಲಿ ಮಾರಿಬಿಡುತ್ತಾರೆ. ನಮ್ಮಲ್ಲಿ 1964ರ ಕಾಯ್ದೆ ಹನ್ನೆರಡು ವರ್ಷ ದಾಟಿದ ಎತ್ತು, ಎಮ್ಮೆಗಳನ್ನಾದರೂ ಕಡಿಯಲು ಬಿಟ್ಟಿತ್ತು. 2021ರಲ್ಲಿ ಜಾರಿಗೆ ಬಂದ ಕಾಯ್ದೆ ಯಾವ ವಯಸ್ಸಿನ ಹಸುವನ್ನೂ ಎತ್ತನ್ನೂ ಕಡಿಯಗೊಡುವುದಿಲ್ಲ. ಅದು ಧರ್ಮವೋ ಅಧರ್ಮವೋ, ಅರಳಿಕಟ್ಟೆಯ ಮೇಲೆ ಕೂತವರು ಜಗಳವಾಡಲಿ. ಬತ್ತಿದ ಹಸುವಿಗೆ, ಯಾರೂ ಕೊಳ್ಳದ ಸೀಮೆ ಗಂಡುಕರುವಿಗೆ ನೀರು ಹೊರುವವಳನ್ನು ಮಾತ್ರ ಯಾರೂ ಕೇಳಲಿಲ್ಲ. ಗೋವು ತಾಯಿಯಂತೆ. ಸರಿ, ತಾಯಿಯ ಸಗಣಿ ಬಾಚುವವಳು ಯಾರು?

ಹಾಲಿನ ಪ್ಯಾಕೆಟ್ಟಿಗೆ ಎರಡು ರೂಪಾಯಿ ಏರಿದರೆ ಬೀದಿಯಲ್ಲೇ ನಿಂತು ಬೈಯುತ್ತೇವಲ್ಲ, ನಾವು ಪೇಟೆಯ ಹೆಂಗಸರು? ಆ ದರದಲ್ಲಿ ಅವಳ ಕೂಲಿ ಎಷ್ಟೆಂದು ಒಮ್ಮೆಯಾದರೂ ಕೇಳಿದ್ದೇವೆಯೆ? ಹೆಂಗಸರದೇ ಹಾಲಿನ ಸಂಘಗಳು ನಮ್ಮ ರಾಜ್ಯದಲ್ಲಿ ಇಲ್ಲದೆ ಇಲ್ಲ. ಉಳಿದ ಸಂಘಗಳ ಪುಸ್ತಕದಲ್ಲೂ ಕರೆಯುವವಳ ಹೆಸರೇ ಇರಲಿ, ಹಣ ಅವಳ ಖಾತೆಗೇ ಬೀಳಲಿ. ತರಬೇತಿಗೂ ಅವಳನ್ನೇ ಕರೆಯಿರಿ.

ಹೀಗೆಲ್ಲ ಬರೆಯುವ ನಾನೇನು ಮಹಾ? ಹೋದ ಗೌರಿಹಬ್ಬಕ್ಕೆ ಅತ್ತಿಗೆ ಮೆಲ್ಲಗೆ ಕೇಳಿದಳು, “ನನ್ ಹೆಸ್ರಲ್ಲೇ ಒಂದು ಹಸ ತಕ್ಕೊಳಕ್ಕೆ ಸಾಲ ಕೊಟ್ಟಾರಾ ಕಣಮ್ಮಿ?” ಮೇಜಿನ ಹಳೆಯ ಅಭ್ಯಾಸ, ಬಾಯಿಗೆ ಬಂದುಬಿಟ್ಟಿತು: “ಪಹಣಿ ಯಾರ ಹೆಸರಲ್ಲಿದೆ?”

ಅವಳು ನಕ್ಕು ಕೊಟ್ಟಿಗೆಗೆ ಹೋದಳು.