ಗ್ರಾಮ ಸಭೆಯಲ್ಲಿ ಅವರ ದನಿ

ಮತದಾನದ ದಿನ ಶಾಲೆಯ ಬಾಗಿಲಿಗೆ ರ‍್ಯಾಂಪ್ ಬರುತ್ತದೆ, ಗಾಲಿಕುರ್ಚಿ ಬರುತ್ತದೆ. ಮತಯಂತ್ರದ ಮೇಲೆ ಬ್ರೈಲ್ ಅಂಕಿಗಳಿರುತ್ತವೆ. 2023ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಂತೂ ಶೇ 40ರಷ್ಟು ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿದ್ದು, ಮನೆಯಲ್ಲೇ ಮತ ಹಾಕಲು ಬಯಸಿದವರ ಬಳಿಗೆ ಚುನಾವಣಾ ಸಿಬ್ಬಂದಿಯೇ ಹೋದರು. ಮನಸ್ಸು ಮಾಡಿದರೆ ವ್ಯವಸ್ಥೆಗೆ ಯಾವ ಮನೆಯೂ ದೂರವಲ್ಲ.

ಆದರೆ ಮತ ಹಾಕುವುದು ಐದು ವರ್ಷಕ್ಕೊಮ್ಮೆ. ಯಾವ ಓಣಿಗೆ ಚರಂಡಿ, ಯಾರಿಗೆ ಮನೆ, ಎಲ್ಲಿಗೆ ನಲ್ಲಿ ಎಂಬ ಮಾತು ನಡೆಯುವುದು ಗ್ರಾಮ ಸಭೆಯಲ್ಲಿ. ಅಲ್ಲಿಗೆ ಹೋಗಲು ಮೆಟ್ಟಿಲು ಹತ್ತಲಾಗದವರಿಗೆ ಯಾರೂ ದಾರಿ ಮಾಡಿರುವುದಿಲ್ಲ. ಸಭೆಯ ಸುದ್ದಿ ಧ್ವನಿವರ್ಧಕದಲ್ಲಷ್ಟೇ ಸಾರಿದರೆ ಕಿವಿ ಕೇಳದವರಿಗೆ ತಲುಪುವುದಿಲ್ಲ. ಗೋಡೆಗೆ ಅಂಟಿಸಿದ ಕ್ರಿಯಾ ಯೋಜನೆ ದೃಷ್ಟಿ ಇಲ್ಲದವರಿಗೆ ಕಾಣುವುದಿಲ್ಲ.

2011ರ ಜನಗಣತಿಯಂತೆ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಬಡತನ ನಿವಾರಣೆಯ ಯೋಜನೆಗಳಲ್ಲಿ ಶೇ 5ರಷ್ಟು ಮೀಸಲು ಕೊಟ್ಟಿದೆ. ಆ ಪಾಲು ಹೇಗೆ ಖರ್ಚಾಗಬೇಕೆಂದು ಅವರನ್ನು ಕೇಳುವವರು ಎಷ್ಟು ಮಂದಿ? ಫಲಾನುಭವಿಗಳ ಪಟ್ಟಿಯಲ್ಲಿ ಅವರ ಹೆಸರಿರುತ್ತದೆ, ತೀರ್ಮಾನ ಮಾಡುವವರ ನಡುವೆ ಅವರಿರುವುದಿಲ್ಲ. ನೆರವು ಪಡೆಯುವುದು ಎಷ್ಟು ಮುಖ್ಯವೋ ಮಾತಾಡುವುದೂ ಅಷ್ಟೇ ಮುಖ್ಯ.

ಅವರು ಸಭೆಗೆ ಬಂದು ಮಾತಾಡುವಂತೆ ಮಾಡಲು ದೊಡ್ಡ ಹಣ ಬೇಕಿಲ್ಲ. ಸಭೆಯನ್ನು ಮೆಟ್ಟಿಲಿಲ್ಲದ ಜಾಗದಲ್ಲಿ ಕರೆಯಬಹುದು. ರ‍್ಯಾಂಪ್ ಕಟ್ಟುವುದಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿ ಏರುವುದು ಕಷ್ಟ, ಇಳಿಯುವುದು ಅಪಾಯ. ಅವರು ಬಳಸಬಲ್ಲ ಶೌಚಾಲಯ ಹತ್ತಿರವಿರಬೇಕು. ಯೋಜನೆಗಳನ್ನು ಗಟ್ಟಿಯಾಗಿ, ನಿಧಾನವಾಗಿ ಓದಿ ಹೇಳಬೇಕು. ಸನ್ನೆ ಭಾಷೆ ಬಲ್ಲವರನ್ನು ಕರೆಸಬೇಕು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಯಾವ ಮನೆಯಲ್ಲಿ ಯಾರಿಗೆ ಏನು ತೊಡಕು ಎಂಬುದು ಗೊತ್ತಿರುತ್ತದೆ. ಸಭೆಗೆ ಮೊದಲೇ ಅವರನ್ನು ಕೇಳಿದರೆ ಅರ್ಧ ಕೆಲಸ ಆದಂತೆ.

ವರ್ಷಕ್ಕೊಮ್ಮೆ ಅಂಗವಿಕಲರಿಗೆಂದೇ ವಿಶೇಷ ಸಭೆ ನಡೆಸುವುದು ಒಳ್ಳೆಯದೇ. ಆದರೆ ಪಿಂಚಣಿ, ತ್ರಿಚಕ್ರ ವಾಹನಗಳಾಚೆಗೂ ಅವರಿಗೆ ಹೇಳುವುದಿದೆ. ಊರ ಕೆರೆ, ಮಕ್ಕಳ ಶಾಲೆ, ಕುಡಿಯುವ ನೀರು ಅವರವೂ ಹೌದು. ಮುಂದಿನ ಗ್ರಾಮ ಸಭೆಯ ದಿನ ಗೊತ್ತಾದೊಡನೆ ಪಂಚಾಯಿತಿಗೆ ಹೋಗಿ, ಎಲ್ಲರೂ ಬರಲು ಏನು ಏರ್ಪಾಡಾಗಿದೆ ಎಂದು ಕೇಳೋಣ. ನಡೆಯಬಲ್ಲವರೂ ಕೇಳಿದಾಗ ಅದು ಇಡೀ ಊರಿನ ಬೇಡಿಕೆಯಾಗುತ್ತದೆ.