ಇಸಗೊಂಡ ರೊಟ್ಟಿ

ಶ್ರಾವಣ ಹತ್ತಿ, ನಾಗರ ಪಂಚಮಿಗೆ ಒಂದೆರಡು ದಿನ ಇರುವಾಗ ಹುಬ್ಬಳ್ಳಿಯ ಗೋಪನಕೊಪ್ಪದ ಹಳೆಯ ಓಣಿಗಳಲ್ಲಿ ಒಂದು ಓಡಾಟ ಶುರುವಾಗುತ್ತದೆ. ನಮ್ಮ ಮನೆಯಿಂದ ಎದುರುಮನೆಗೆ ಎಳ್ಳು ಹಚ್ಚಿದ ಐದು ರೊಟ್ಟಿ ಹೋಗುತ್ತವೆ. ಜೊತೆಗೆ ಮಡಿಕೆಕಾಳಿನ ಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಸಂಜೆಯೊಳಗೆ ಎದುರುಮನೆಯಿಂದ ಐದು ರೊಟ್ಟಿ ಬರುತ್ತವೆ. ಅದೇ ಪಲ್ಯ, ಅದೇ ಚಟ್ನಿ. ಜೋಳ ಕೊಂಡ ಅಂಗಡಿ ಒಂದೇ, ಹಿಟ್ಟು ಬೀಸಿದ ಗಿರಣಿಯೂ ಒಂದೇ. ಕೊಟ್ಟಿದ್ದು ಐದು, ಬಂದದ್ದು ಐದು. ಯಾರ ಬುಟ್ಟಿಯೂ ತುಂಬಲಿಲ್ಲ, ಯಾರ ಬುಟ್ಟಿಯೂ ಬರಿದಾಗಲಿಲ್ಲ. ಹಾಗಿದ್ದ ಮೇಲೆ ಈ ರೊಟ್ಟಿ ಹಬ್ಬ ಯಾತಕ್ಕೆ?

ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡಬಾರದು, ಕರಿಯಬಾರದು, ಹೆಚ್ಚಬಾರದು ಎಂಬ ಕಟ್ಟಳೆ ನಮ್ಮಲ್ಲಿದೆ. ಅದಕ್ಕೇ ಅವತ್ತು ಉಂಡಿ, ಅಳ್ಳು, ಹಬೆಯಲ್ಲಿ ಬೆಂದ ಕಡಬು. ರೊಟ್ಟಿ ಮೊದಲೇ ಸುಟ್ಟಿಡಬೇಕು. ರೊಟ್ಟಿ ಅಷ್ಟೊಂದು ಮಾಡುವುದೇಕೆ ಎಂಬುದಕ್ಕೆ ಇದು ಉತ್ತರವಾದೀತು. ಒಂದೇ ನಮೂನೆಯ ರೊಟ್ಟಿಯನ್ನು ಮನೆಯಿಂದ ಮನೆಗೆ ಅದಲುಬದಲು ಮಾಡುವುದೇಕೆ ಎಂಬುದಕ್ಕೆ ಆಗುವುದಿಲ್ಲ. ಹಂಚಿ ಉಂಡರೆ ಪ್ರೀತಿ ಬೆಳೆಯುತ್ತದೆ ಎನ್ನುತ್ತಾರೆ. ಸುಳ್ಳಲ್ಲ, ಆದರೆ ಅದು ಅರ್ಧ ಮಾತು. ಹಂಚುವುದು ಅಂಥ ಕಷ್ಟದ ಕೆಲಸವಲ್ಲ. ಇಸಗೊಂಡು ಉಣ್ಣುವುದು ಕಷ್ಟ, ಮತ್ತು ಆ ಹಬ್ಬದ ತೂಕವೆಲ್ಲ ಅಲ್ಲಿಯೇ ಇದೆ ಎಂದು ನನಗೆ ಅನಿಸುತ್ತದೆ.

ಇದನ್ನು ನಾನು ಕಲಿತದ್ದು ನಮ್ಮ ಮನೆಯ ಗ್ವಾದಲಿಯ ಮುಂದೆ. ಆಗ ಗೋಪನಕೊಪ್ಪ ಇನ್ನೂ ಹಳ್ಳಿ. ಕೇಶ್ವಾಪುರ ದಾಟಿದರೆ ಎರೆಹೊಲ, ಮನೆಮನೆಗೆ ದನ. ಓಣಿಯ ಕೊನೆಯ ಮನೆಯವರು ನಮ್ಮ ಜಾತಿಯವರಲ್ಲ. ಆ ಮನೆಯಾಕೆ ಹಿತ್ತಾಳೆ ತಾಟಿನಲ್ಲಿ ರೊಟ್ಟಿಯಿಟ್ಟು, ಒಗೆದ ಅರಿವೆ ಮುಚ್ಚಿಕೊಂಡು ಬರುತ್ತಿದ್ದಳು. ನಮ್ಮ ಆಯಿ ಬಾಯಿ ತುಂಬ ಮಾತಾಡಿಸುತ್ತಿದ್ದಳು. "ಬಾ ತಂಗಿ, ಅಲ್ಲೇ ಕಟ್ಟಿಮ್ಯಾಲೆ ಇಡು." ನಮ್ಮ ಐದು ರೊಟ್ಟಿ ಆ ತಾಟಿಗೆ ಬೀಳುತ್ತಿದ್ದವು, ಅದೂ ಒಳ್ಳೆಯ ಐದನ್ನು ಆರಿಸಿ. ಆಕೆ ಓಣಿ ತಿರುಗುವುದೇ ತಡ, ಆಕೆ ತಂದ ರೊಟ್ಟಿಗಳು ಗ್ವಾದಲಿಗೆ ಹೋಗುತ್ತಿದ್ದವು. ಎತ್ತು ಅವನ್ನು ಎರಡೇ ಬಾಯಿಗೆ ಮುಗಿಸುತ್ತಿತ್ತು. ಆಯಿ ಕೆಟ್ಟವಳಲ್ಲ. ಹಸಿದು ಬಂದವರನ್ನು ಆಕೆ ಬರಿಗೈಲಿ ಕಳಿಸಿದ್ದನ್ನು ನಾನು ನೋಡಿಲ್ಲ. ಕೊಡುವುದರಲ್ಲಿ ಆಕೆಯ ಕೈ ಎಂದೂ ಹಿಂದೆ ಸರಿಯಲಿಲ್ಲ.

ಒಂದು ವರ್ಷ ಬಾಗಿಲಲ್ಲಿ ನಿಂತು ರೊಟ್ಟಿ ಇಸಗೊಂಡವಳು ಅವ್ವ. ತಾಟಿನ ಅರಿವೆ ಸರಿಸಿ, ಒಂದು ರೊಟ್ಟಿಯ ಅಂಚು ಮುರಿದು, ಚಟ್ನಿ ಹಚ್ಚಿ, ಆಕೆಯ ಎದುರಿಗೇ ಬಾಯಿಗೆ ಹಾಕಿಕೊಂಡಳು. "ಗುರೆಳ್ಳು ಛಲೋ ಹುರದೀಯವಾ" ಎಂದಳು. ಅಷ್ಟೇ. ಆಯಿ ಆ ದಿನ ಅವ್ವನ ಸಂಗಡ ಮಾತಾಡಲಿಲ್ಲ. ತಾನು ತಂದ ರೊಟ್ಟಿ ಎಲ್ಲಿಗೆ ಹೋಗುತ್ತದೆಂದು ಕೊನೆಯ ಮನೆಯಾಕೆಗೆ ಎಷ್ಟೋ ವರ್ಷದಿಂದ ಗೊತ್ತಿತ್ತು ಎಂಬುದನ್ನು ಅವ್ವ ನನಗೆ ಹೇಳಿದ್ದು ನಾನು ದೊಡ್ಡವನಾದ ಮೇಲೆ. ಗೊತ್ತಿದ್ದೂ ಆಕೆ ಪ್ರತಿ ಪಂಚಮಿಗೆ ತಂದಳು.

ಕೊಡುವ ಕೈ ಮೇಲಿರುತ್ತದೆ, ಇಸಗೊಳ್ಳುವ ಕೈ ಕೆಳಗೆ. ಮೇಲಿರುವುದು ಯಾರಿಗೂ ಕಷ್ಟವಲ್ಲ. ನಮ್ಮ ಸಮಾಜದ ಮೇಲು-ಕೀಳಿನ ಲೆಕ್ಕವೆಲ್ಲ ಯಾರು ಯಾರಿಗೆ ಕೊಟ್ಟರು ಎಂಬುದರ ಮೇಲೆ ನಿಂತಿರಲಿಲ್ಲ. ಯಾರು ಯಾರ ಕೈಯದನ್ನು ಉಂಡರು ಎಂಬುದರ ಮೇಲೆ ನಿಂತಿತ್ತು. ಅಕ್ಕಿ, ಬೆಲ್ಲ, ಕಾಯಿ ದಾಟುತ್ತಿದ್ದ ಹೊಸ್ತಿಲನ್ನು ಬೇಯಿಸಿದ ಅನ್ನ ದಾಟುತ್ತಿರಲಿಲ್ಲ. ಹಸಿಯದಕ್ಕೆ ಕೈ ಗುರುತಿಲ್ಲ. ನೀರು ಬಿದ್ದು, ನಾದಿ, ಬೆಂಕಿ ತಾಗಿದ ಮೇಲೆ ಅದು ಒಬ್ಬರ ಕೈಯದಾಗುತ್ತದೆ. ಫ್ರಾನ್ಸಿನ ಮಾರ್ಸೆಲ್ ಮೋಸ್ 1925ರಲ್ಲಿ ಉಡುಗೊರೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಮೂರು ಕಟ್ಟಳೆಗಳನ್ನು ಗುರುತಿಸಿದ: ಕೊಡಬೇಕು, ಇಸಗೊಳ್ಳಬೇಕು, ತಿರುಗಿ ಕೊಡಬೇಕು. ಮೊದಲನೆಯದನ್ನೂ ಮೂರನೆಯದನ್ನೂ ನಾವು ಚೆನ್ನಾಗಿ ಪಾಲಿಸುತ್ತೇವೆ. ಆಯಿಯೂ ಪಾಲಿಸಿದಳು. ನಡುವಿನದು ಗ್ವಾದಲಿಗೆ ಹೋಯಿತು.

ಹನ್ನೆರಡನೆಯ ಶತಮಾನದ ಶರಣರು ದಾನ ಎನ್ನುವ ಕಡೆ ದಾಸೋಹ ಎಂದದ್ದು ಈ ಕಾರಣಕ್ಕೇ ಇರಬೇಕು. ಕೊಡುವವನೇ ದಾಸ ಎಂದರೆ ಮೇಲಿನ ಕೈ ಕೆಳಗೆ ಬರುತ್ತದೆ. ಗದಗ ಜಿಲ್ಲೆಯ ಡಂಬಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯಲ್ಲಿ ಮನೆಮನೆಯಿಂದ ಬಂದ ರೊಟ್ಟಿಗಳು ಒಂದೇ ರಾಶಿಗೆ ಸೇರುತ್ತವೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರ್ ತುಂಬಿಕೊಂಡು ರೊಟ್ಟಿ ಬರುತ್ತವೆ. ಆ ರಾಶಿಯಿಂದ ನನ್ನ ಎಲೆಗೆ ಬಿದ್ದ ರೊಟ್ಟಿ ಯಾರು ಬಡಿದದ್ದೆಂದು ಯಾರೂ ಹೇಳಲಾರರು. ಅದು ದೊಡ್ಡ ಕೆಲಸ, ಅದನ್ನು ನಾನು ಕಣ್ಣಾರೆ ಕಂಡು ಕೈಮುಗಿದಿದ್ದೇನೆ. ಆದರೂ ಓಣಿಯ ರೊಟ್ಟಿ ಕೇಳುವ ಧೈರ್ಯ ಇನ್ನೂ ಹೆಚ್ಚಿನದು. ರಾಶಿಯಲ್ಲಿ ಹೆಸರು ಮುಳುಗುತ್ತದೆ. ಓಣಿಯಲ್ಲಿ ರೊಟ್ಟಿ ತಂದವಳು ಎದುರಿಗೇ ನಿಂತಿರುತ್ತಾಳೆ, ಮುಖ ಕಾಣುತ್ತದೆ, ಮನೆ ಗೊತ್ತು.

ಇಷ್ಟಕ್ಕೆ ಜಾತಿ ಹೋದೀತೆ ಎಂದು ಕೇಳಬಹುದು. ಅಂಬೇಡ್ಕರರು 1936ರ 'ಜಾತಿ ವಿನಾಶ'ದಲ್ಲಿ ಸಹಭೋಜನದಿಂದ ಜಾತಿಯ ಭಾವನೆ ಸಾಯಲಿಲ್ಲ, ಸಾಯುವುದೂ ಇಲ್ಲ ಎಂದು ಖಚಿತವಾಗಿಯೇ ಬರೆದರು. ಅವರು ಮದ್ದು ಎಂದು ಕಂಡದ್ದು ಅಂತರ್ಜಾತಿ ವಿವಾಹವನ್ನು, ಅದಕ್ಕೂ ಆಳದಲ್ಲಿ ಶಾಸ್ತ್ರದ ಮೇಲಿನ ನಂಬಿಕೆಯನ್ನು ಕಳಚುವುದನ್ನು. ಅವರ ಮಾತನ್ನು ನಾನು ಒಪ್ಪುತ್ತೇನೆ. ರೊಟ್ಟಿ ತಿಂದ ಮಾತ್ರಕ್ಕೆ ನಮ್ಮ ಮನೆಯಲ್ಲೂ ಎಲ್ಲ ಸರಿಹೋಗಲಿಲ್ಲ. ಆದರೆ ಉಣ್ಣದೆ ಇರುವುದು ಇವತ್ತಿಗೂ ಏನು ಮಾಡುತ್ತದೆ ಎಂಬುದನ್ನೂ ನೋಡಬೇಕು. ರಾಜ್ಯದಲ್ಲಿ 2002ರಲ್ಲಿ ಶುರುವಾದ ಶಾಲಾ ಬಿಸಿಯೂಟಕ್ಕೆ 'ಅಕ್ಷರ ದಾಸೋಹ' ಎಂದೇ ಹೆಸರಿಟ್ಟರು. ಅಡುಗೆಯಾಕೆ ದಲಿತಳು ಎಂಬ ಕಾರಣಕ್ಕೆ ಮಕ್ಕಳು ಆ ಊಟ ಉಣ್ಣದಂತೆ ಮಾಡಿದ ಸುದ್ದಿಯನ್ನು ಅದಾದ ಮೇಲೆ ಎಷ್ಟು ಸಲ ಓದಿದ್ದೇವೆ! ಆ ಮಕ್ಕಳ ಅವ್ವ-ಅಪ್ಪಂದಿರೂ ಹಬ್ಬಕ್ಕೆ ಯಾರಿಗೋ ಏನೋ ಕೊಟ್ಟಿರುತ್ತಾರೆ. ಉಣ್ಣುವುದರಿಂದ ಜಾತಿ ಸಾಯಲಿಕ್ಕಿಲ್ಲ. ಉಣ್ಣದಿರುವುದರಿಂದ ಮಾತ್ರ ಅದು ದಿನಾ ಮೈತುಂಬಿಕೊಳ್ಳುತ್ತದೆ.

ಈಗ ಗೋಪನಕೊಪ್ಪದಲ್ಲಿ ಎರೆಹೊಲಗಳು ಪ್ಲಾಟುಗಳಾಗಿವೆ. ರೈಲ್ವೆ ನೌಕರಿಯವರು, ಬೇರೆ ಬೇರೆ ಭಾಷೆಯವರು ಬಾಡಿಗೆಗೆ ಬಂದಿದ್ದಾರೆ. ರಮಜಾನಿಗೆ ಸುರಕುಂಬಾ ಬರುತ್ತದೆ, ಕ್ರಿಸ್‌ಮಸ್ಸಿಗೆ ಮನೆಯಲ್ಲೇ ಮಾಡಿದ ಕೇಕು ಬರುತ್ತದೆ. ಕೆಲವರು ನಗುತ್ತ ಇಸಗೊಂಡು ಕೆಲಸದಾಕೆಗೆ ಕೊಟ್ಟುಬಿಡುತ್ತಾರೆ. ಗ್ವಾದಲಿ ಹೋಗಿದೆ, ಆ ಚಾಳಿ ಹೋಗಿಲ್ಲ. ವೈದ್ಯರು ಬೇಡವೆಂದದ್ದನ್ನು, ವ್ರತದಲ್ಲಿ ಬಿಟ್ಟದ್ದನ್ನು ತಿನ್ನಲೇಬೇಕೆಂದು ನಾನು ಹೇಳುತ್ತಿಲ್ಲ. ಅದನ್ನು ತಂದವರಿಗೆ ಬಾಯಿಬಿಟ್ಟು ಹೇಳಿದರೆ ಅವರೂ ಮುಂದಿನ ಸಲ ಬೇರೆ ಏನಾದರೂ ತರುತ್ತಾರೆ. ಹೇಳದೆ ದಾಟಿಸುವುದೇ ತಪ್ಪು.

ಇನ್ನೊಂದು ಮಾತನ್ನು ಗಂಡಸರಾದ ನಾವು ಆಡದೆ ಬಿಟ್ಟಿದ್ದೇವೆ. ಇಷ್ಟು ದಿನ ಓಣಿಯನ್ನು ಹೊಲಿದದ್ದು ಹೆಂಗಸರ ಮುಂಗೈ. ಜೋಳದಲ್ಲಿ ಗೋಧಿಯಂತೆ ಅಂಟಿಲ್ಲ. ಕುದಿಕುದಿವ ಎಸರು ಬಿದ್ದರೆ ಮಾತ್ರ ಹಿಟ್ಟು ಅರೆಬೆಂದು ಜಿಗಿ ಬರುತ್ತದೆ. ಆ ಬಿಸಿ ಆರುವ ಮೊದಲೇ ನಾದಬೇಕು. ಲಟ್ಟಣಿಗೆ ಬೇಡ, ಅಂಗೈಯಲ್ಲೇ ಬಡಿದು, ತಿರುಗಿಸಿ, ಕಾಗದದಷ್ಟು ತೆಳ್ಳಗೆ ಮಾಡಿ, ಹರಿಯದಂತೆ ಎತ್ತಿ ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಬೇಕು. ರೊಟ್ಟಿ ಹಬ್ಬಕ್ಕೆ ಇದನ್ನು ನೂರು ಸಲ ಮಾಡಬೇಕು. ಈಗಿನ ಸೊಸೆಯಂದಿರು ರೊಟ್ಟಿಯನ್ನು ಕೊಂಡು ತಂದು ಹಂಚುತ್ತಾರೆ ಎಂದು ಹಿರಿಯರು ನೊಂದುಕೊಳ್ಳುತ್ತಾರೆ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ನೌಕರಿ ಮುಗಿಸಿ ಬಂದವಳ ತೋಳು ಸೋತಿರುತ್ತದೆ. ರೊಟ್ಟಿ ಸುಟ್ಟೇ ಕೊಡಬೇಕೆಂಬ ಹಟ ಇದ್ದವರು ತಾವೇ ಪರಾತದ ಮುಂದೆ ಕೂರಲಿ.

ನಾನು ಎರಡು ವರ್ಷದಿಂದ ಕೂರುತ್ತಿದ್ದೇನೆ. ಅವ್ವನಿಗೆ ಈಗ ಕೈ ಏಳುವುದಿಲ್ಲ, ಪಕ್ಕದಲ್ಲಿ ಕೂತು ಹೇಳಿಕೊಡುತ್ತಾಳೆ.

ನಮ್ಮ ಓಣಿಗೆಲ್ಲ ರೊಟ್ಟಿ ಮಾಡಿ ಮಾರುವ ಹೆಣ್ಣುಮಗಳೊಬ್ಬಳಿದ್ದಾಳೆ. ರೊಟ್ಟಿ ಹಬ್ಬದ ದಿನ ನಸುಕಿಗೆ ಹಚ್ಚಿದ ಆಕೆಯ ಒಲೆ ರಾತ್ರಿಯವರೆಗೆ ಆರುವುದಿಲ್ಲ. ಆಕೆಯ ರೊಟ್ಟಿಗಳೇ ಎಷ್ಟೋ ಮನೆಗಳ ನಡುವೆ ಅದಲುಬದಲಾಗುತ್ತವೆ. ಆಕೆಯ ಮನೆಗೆ ಯಾರು ಒಯ್ಯುತ್ತಾರೆ ಎಂದು ಹೋದ ಪಂಚಮಿಗೆ ಅವ್ವ ಕೇಳಿದಳು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ನಾನು ಬಡಿದ ಐದನ್ನು ಆ ಸಂಜೆ ಒಯ್ದೆ. ಆಕೆ ಒಲೆಯ ಮುಂದಿನಿಂದ ಎದ್ದು, ಹಿಟ್ಟಿನ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿ, ಎರಡೂ ಕೈಯಿಂದ ತಾಟು ಇಸಗೊಂಡಳು. ಮೇಲಿನ ರೊಟ್ಟಿಯನ್ನು ಬೆಳಕಿಗೆ ಹಿಡಿದು ಅಂಚಿನ ಸೀಳನ್ನು ಬೆರಳಿನಿಂದ ಸವರಿದಳು. ಅಲ್ಲೇ ಮುರಿದು, ಅಗಸಿ ಚಟ್ನಿ ಹಚ್ಚಿ, ನಿಂತೇ ತಿಂದಳು. ಒಂದು ತುಣುಕಲ್ಲ, ಒಂದು ಇಡೀ ರೊಟ್ಟಿ.

"ಎಸರು ಇನ್ನೊಂದೀಟು ಕುದೀಬೇಕಾಗಿತ್ರಿ ಅಣ್ಣಾರ" ಎಂದು ಹೇಳಿ ಎರಡನೆಯದಕ್ಕೆ ಕೈ ಹಾಕಿದಳು.